ಹಿಂಡಿದಷ್ಟೂ ಸೊಟ್ಟ

ಸುಮಾರು ಒಂದು ಲಕ್ಷ ಆಂಪಿಯರ್ ಹರಿಸುವ ಯಂತ್ರ ಎಂದ ಕೂಡಲೇ ನಮ್ಮಂಥ ಮಧ್ಯಮ ವರ್ಗದವರಿಗೆ ಹೊಳೆಯುವುದು ಕರೆಂಟ್ ಬಿಲ್ಲು. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ, ಕ್ಯಾಲ್ಟೆಕ್‌ನ ಪಾಲ್ ಬೆಲ್ಲನ್ ಅವರ ಪ್ರಯೋಗಾಲಯದಲ್ಲಿ ಅಂಥದ್ದೊಂದಿದೆ. ಗಾಬರಿ ಬೇಡ. ಆ ಹರಿವಿನ ಆಯುಸ್ಸು ಸೆಕೆಂಡಿನ ಲಕ್ಷದಲ್ಲಿ ಕೆಲವು ಪಾಲು. ಒಂದು ಸಲ ಹಾರಿಸಲು ಮುಖ್ಯ ಕೆಪಾಸಿಟರ್‌ಗಳಲ್ಲಿ ಕೂಡಿಡುವ ಶಕ್ತಿ ಒಂದು ಯೂನಿಟ್ಟಿನ ಸಾವಿರದಲ್ಲೊಂದು ಪಾಲೂ ಇಲ್ಲ. ಗಾಳಿ ಎಳೆದುಹಾಕುವ ಪಂಪಿನ ಬಿಲ್ಲೇ ಜಾಸ್ತಿ ಬಂದೀತು.

ನಿರ್ವಾತ ಮಾಡಿದ ದೊಡ್ಡ ಉಕ್ಕಿನ ಪೀಪಾಯಿ. ಒಂದು ಕೊನೆಯಲ್ಲಿ ಸುಮಾರು 20 ಸೆಂ.ಮೀ. ಅಗಲದ ತಾಮ್ರದ ಬಿಲ್ಲೆ, ಸುತ್ತ ಬಳೆ. ಹಿಂದಿರುವ ಸುರುಳಿ ಮೊದಲೇ ಕಾಂತಕ್ಷೇತ್ರ ಹಾಸಿರುತ್ತದೆ. ತೂತುಗಳಿಂದ ಅನಿಲ ಬಿಟ್ಟು ಹೈವೋಲ್ಟೇಜ್ ಕೊಟ್ಟರೆ ಅದು ವಿದ್ಯುತ್ ಹರಿಯುವ ಪ್ಲಾಸ್ಮಾ ಆಗಿ ಎಂಟು ಬೆಳಕಿನ ಕಮಾನುಗಳು ಏಳುತ್ತವೆ. ಅಲ್ಲಿಯವರು ಇವನ್ನು ಜೇಡನ ಕಾಲು ಎನ್ನುತ್ತಾರೆ. ಒಂದೇ ದಿಕ್ಕಿನ ಪ್ರವಾಹಗಳು ಒಂದನ್ನೊಂದು ಸೆಳೆಯುತ್ತವಲ್ಲ, ಎಂಟೂ ನಡುವೆ ಕೂಡಿ ಒಂದೇ ಕಂಬವಾಗಿ, ಅಂದರೆ ಜೆಟ್ ಆಗಿ, ಮುಂದಕ್ಕೆ ಚಿಮ್ಮುತ್ತವೆ. ಪ್ರವಾಹ ತನ್ನ ಸುತ್ತ ತಾನೇ ಹುಟ್ಟಿಸಿಕೊಂಡ ಕಾಂತಕ್ಷೇತ್ರ ಅದನ್ನು ಹಿಚುಕಿ ಸಪೂರವಾಗಿಡುತ್ತದೆ. ಹಿಡಿತ ಬುಡದಲ್ಲಿ ಬಿಗಿ, ತುದಿಯಲ್ಲಿ ಸಡಿಲ. ಆದ್ದರಿಂದಲೇ ಪ್ಲಾಸ್ಮಾ ತುದಿಯ ಕಡೆಗೆ ಓಡುವುದು.

ಆಮೇಲೆ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಉದ್ದಕ್ಕೆ ಸಾಗುವ ಕ್ಷೇತ್ರಕ್ಕೆ ಸುತ್ತುವ ಕ್ಷೇತ್ರ ಸೇರಿ ಬಲರೇಖೆಗಳು ನುಲಿಯುತ್ತವೆ. ಎದುರುಬದುರು ನಿಂತು ಒದ್ದೆ ಬೆಡ್‌ಶೀಟ್ ಹಿಂಡಿದ ದಂಪತಿಗಳಿಗೆ ಮುಂದಿನದು ಗೊತ್ತು: ಒಂದು ಮಟ್ಟದವರೆಗೆ ನೆಟ್ಟಗಿರುತ್ತದೆ, ಇನ್ನೊಂದು ಸುತ್ತು ಕೊಟ್ಟಿರೋ ನಡು ಕೊಂಕಿ ಗಂಟಾಗುತ್ತದೆ, ‘ಸಾಕು ಬಿಡ್ರೀ’ ಎಂಬ ಮಾತೂ ಕೇಳಿಬರುತ್ತದೆ. ಪ್ಲಾಸ್ಮಾದ ಆ ಮಟ್ಟವನ್ನು ಕ್ರುಸ್ಕಾಲ್ ಮತ್ತು ಶಾಫ್ರನೊವ್ 1950ರ ದಶಕದಲ್ಲೇ ಲೆಕ್ಕ ಹಾಕಿದ್ದರು. ಕಂಬದ ಉದ್ದದೊಳಗೆ ಬಲರೇಖೆ ಒಂದು ಪೂರ್ತಿ ಸುತ್ತು ಹಾಕಿತೋ, ಕೆಟ್ಟಿತು. ಜೆಟ್ ಬೆಳೆದಷ್ಟೂ ಆ ಗಡಿಗೆ ಹತ್ತಿರ. ಸ್ಕಾಟ್ ಹ್ಸು ಮತ್ತು ಬೆಲ್ಲನ್ ಅತಿವೇಗದ ಕ್ಯಾಮೆರಾ ಇಟ್ಟು ನೋಡಿದಾಗ ಲೆಕ್ಕ ತಾಳೆಯಾಯಿತು.

ನನಗೆ ಇದಕ್ಕಿಂತ ಇಷ್ಟವಾದದ್ದು 2012ರಲ್ಲಿ ಔನಾ ಮೋಸರ್ ಮತ್ತು ಬೆಲ್ಲನ್ ‘ನೇಚರ್’ನಲ್ಲಿ ಬರೆದ ಪ್ರಸಂಗ. ಕೊಂಕಿ ಸುರುಳಿಯಾದ ಆರ್ಗಾನ್ ಜೆಟ್ ಹೊರಕ್ಕೆ ನುಗ್ಗುವ ರಭಸಕ್ಕೆ ಅದರ ಒಳಬದಿಯಲ್ಲಿ ಅಲೆಗಳೆದ್ದು ಮೈಯನ್ನು ಕೊರೆಯುತ್ತವೆ. ತೀರ ತೆಳ್ಳಗಾದಲ್ಲಿ ಬಲರೇಖೆಗಳು ಕಡಿದು ಬೇರೆ ಜೋಡಿ ಹುಡುಕಿಕೊಳ್ಳುತ್ತವೆ. ಬಲರೇಖೆ ಪ್ಲಾಸ್ಮಾದಲ್ಲಿ ಹೆಪ್ಪುಗಟ್ಟಿದಂತೆ ಅಂಟಿರುತ್ತದೆ ಎಂದವರು ಹಾನ್ನೆಸ್ ಆಲ್ವೇನ್; ಆ ಮಾತಿನಂತೆ ಅದು ಹೀಗೆ ಕಡಿಯಲೇಬಾರದು. 1970ರ ನೊಬೆಲ್ ಭಾಷಣದಲ್ಲಿ ಅದನ್ನು ಕಣ್ಣುಮುಚ್ಚಿ ನಂಬಬೇಡಿ ಎಂದು ಎಚ್ಚರಿಸಿದವರೂ ಅವರೇ. ಪುಣ್ಯಾತ್ಮ!

ಇಂಥ ಜೆಟ್‌ಗಳು ಆಕಾಶದಲ್ಲೂ ಇವೆ. 1918ರಲ್ಲಿ ಹೀಬರ್ ಕರ್ಟಿಸ್ ಗುರುತಿಸಿದ ಎಂ87 ಗೆಲಾಕ್ಸಿಯ ಜೆಟ್ ಸಾವಿರಾರು ಜ್ಯೋತಿರ್ವರ್ಷ ಉದ್ದ. ಅದು ಕಡಿಯುವುದನ್ನು ಕಾಯುತ್ತ ಕೂರಲು ನಮಗೆ ಆಯುಸ್ಸು ಸಾಲದು. ಪಸಡೀನಾದಲ್ಲಾದರೆ ಕೆಪಾಸಿಟರ್ ಮತ್ತೆ ತುಂಬುವಷ್ಟು ಹೊತ್ತು ಕಾದರೆ ಸಾಕು.