ಮೇಜಿನ ಆಚೆಯವರ ಮರ್ಯಾದೆ

ಸಂದರ್ಶನಕ್ಕೆ ಹೊರಟವರಿಗೆ ಬುದ್ಧಿ ಹೇಳಲು ನಮ್ಮಲ್ಲಿ ಯಾವ ಅರ್ಹತೆಯೂ ಬೇಕಿಲ್ಲ. ಓದು ಮುಗಿಸಿದ ಮಾರನೇ ದಿನವೇ ಅಪ್ಪನ ಅಂಗಡಿಯ ಗಲ್ಲಾದ ಮುಂದೆ ಕೂತ ಸೋದರಮಾವನೂ, "ಒಳಗೆ ಹೋದ ತಕ್ಷಣ ಕೂತ್ಕೋಬೇಡ ಕಣೋ, ಅವರು ಹೇಳಿದ್ಮೇಲೆ ಕೂತ್ಕೋ" ಎನ್ನುತ್ತಾನೆ. ಮಾತು ಸರಿಯೇ. ಅವರು ಹೇಳಲು ಮರೆತರೆ? ಮಾವ ಗಿರಾಕಿಯ ಕಡೆ ತಿರುಗುತ್ತಾನೆ.

ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರುಗಳಲ್ಲಿ ಇದನ್ನೆಲ್ಲ ಶಾಸ್ತ್ರೋಕ್ತವಾಗಿ ಕಲಿಸುತ್ತಾರೆ. ಕುರ್ಚಿಯನ್ನು ಸದ್ದಾಗದಂತೆ ಎಳೆಯುವುದು, ಕಾಲು ಅಲ್ಲಾಡಿಸದಿರುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ತಲೆಯೆತ್ತಿ ಹೇಳುವುದು. ದೆಹಲಿಯ ಧೋಲ್‌ಪುರ್ ಹೌಸ್‌ನಲ್ಲಿ ಯುಪಿಎಸ್‌ಸಿ ನಡೆಸುವ ವ್ಯಕ್ತಿತ್ವ ಪರೀಕ್ಷೆಗೆ ಒಟ್ಟು 2025 ಅಂಕಗಳಲ್ಲಿ 275 ಇವೆ. ಅರ್ಧ ಗಂಟೆಯ ಮಾತಿಗೆ ಅಷ್ಟು ಅಂಕವಿರುವಾಗ, ಹುಡುಗ ಕನ್ನಡಿಯ ಮುಂದೆ ನಿಂತು ನಮಸ್ಕಾರ ಅಭ್ಯಾಸ ಮಾಡಿದರೆ ನಗಬಾರದು. ಕೇಂದ್ರ ಸರ್ಕಾರವೇನೋ ವಶೀಲಿಬಾಜಿಗೆ ಕಡಿವಾಣ ಹಾಕಲು 2016ರ ಜನವರಿ 1ರಿಂದ ಕೆಳ ಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಎಷ್ಟೋ ಹುಡುಗರು ಗೆಳೆಯನ ಬೂಟು ಕಡ ತರುವುದೂ ತಪ್ಪಿತು.

ಖಾಸಗಿ ಕಂಪನಿಗಳ ಕಥೆ ಬೇರೆ. ಅಲ್ಲಿ ಟೀ ಬಂದರೆ ಸಂಕಟ ಶುರು. ಮುಟ್ಟದಿದ್ದರೆ ಬಿಗುಮಾನ, ಗಟಗಟ ಕುಡಿದರೆ ಬರಗೆಟ್ಟವನು. ಜೊತೆಗಿರುವ ಮಾರಿ ಬಿಸ್ಕತ್ತು ಇನ್ನೂ ಅಪಾಯಕಾರಿ. ಒಣಗಿದ್ದನ್ನೇ ಕಡಿದರೆ ಪುಡಿ ಟೈ ಮೇಲೆ, ಅದ್ದಿದರೆ ಅರ್ಧ ಬಿಸ್ಕತ್ತು ಕಪ್ಪಿನ ತಳ ಸೇರುವುದೂ "ನಿಮ್ಮ ದೌರ್ಬಲ್ಯ ಏನು?" ಎಂಬ ಪ್ರಶ್ನೆ ಬರುವುದೂ ಒಂದೇ ಗಳಿಗೆಯಲ್ಲಿ.

ಇಷ್ಟೆಲ್ಲ ಪಾಠ ಮೇಜಿನ ಈಚೆಯವನಿಗೆ. ಆಚೆಯವರಿಗೆ ಮಾತ್ರ ಕೋಚಿಂಗ್ ಇಲ್ಲ. ಹತ್ತಕ್ಕೆ ಬರಹೇಳಿ ಊಟವಾದ ಮೇಲೆ ಕರೆಯುವವರಿದ್ದಾರೆ. ಹುಡುಗ ನಾಲ್ಕು ಸಲ ತಿದ್ದಿ ಬರೆದ ರೆಸ್ಯೂಮೆಯನ್ನು ಅವನೆದುರೇ ಮೊದಲ ಬಾರಿಗೆ ಬಿಡಿಸಿ, ಒಂದು ಕಣ್ಣು ಮೊಬೈಲಿನಲ್ಲಿಟ್ಟು, "ಹ್ಞಾಂ, ನಿಮ್ಮ ಬಗ್ಗೆ ಹೇಳಿ" ಎನ್ನುವವರಿದ್ದಾರೆ. ಹುಡುಗಿಯಾದರೆ ಮದುವೆ ಯಾವಾಗ ಎಂಬ ವಿಚಾರಣೆ ಬೇರೆ. ಕೊನೆಗೆಲ್ಲ ಒಂದೇ ಮಂಗಳ: "ತಿಳಿಸ್ತೀವಿ."

ಹಿಂದೆ ಹೆಣ್ಣು ನೋಡಲು ಬಂದವರೂ ಹೀಗೇ, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದು ಹೋಗುತ್ತಿದ್ದರು. ಆದರೆ ಅವರಿಗೆ ಉಪ್ಪಿಟ್ಟು, ಕೇಸರಿಬಾತು ತಿಂದ ಋಣವಿತ್ತು. ಜಾತಕ ಕೂಡಲಿಲ್ಲವೆಂಬ ಒಂದು ಸುಳ್ಳನ್ನಾದರೂ ಮಧ್ಯಸ್ಥರ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಕಂಪನಿಗಳಿಗೆ ಅಷ್ಟು ಸುಳ್ಳಿಗೂ ಪುರುಸೊತ್ತಿಲ್ಲ. ಕಲಿಸಿಕೊಟ್ಟಂತೆ ಹುಡುಗ ಸಂಜೆಯೇ ಧನ್ಯವಾದದ ಮೇಲ್ ಕಳಿಸಿರುತ್ತಾನೆ. ಆಮೇಲೆ ಸ್ಪ್ಯಾಮ್ ಫೋಲ್ಡರನ್ನೂ ಬಿಡದೆ ಹುಡುಕುತ್ತಾನೆ.

"ಈ ಸಲ ಆಗಲಿಲ್ಲ" ಎಂಬ ಎರಡು ಸಾಲಿಗೆ ಅಂಚೆಚೀಟಿಯ ಖರ್ಚೂ ಇಲ್ಲ. ಅಷ್ಟು ಬಂದರೆ ಹುಡುಗ ನಿಶ್ಚಿಂತೆಯಿಂದ ಇನ್ನೊಂದು ಕಡೆ ಅರ್ಜಿ ಹಾಕಬಹುದು. ಅವನ ತಾಯಿಯೂ ಹೊತ್ತ ಹರಕೆಯನ್ನು ಮುಂದಿನ ಕಂಪನಿಯ ಹೆಸರಿಗೆ ವರ್ಗಾಯಿಸಿಕೊಳ್ಳಬಹುದು.