ಮೂಗು ಸರಿ ಇಲ್ಲರೀ!

ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಯಾರದರ ಮನ್ಯಾಗ ಶೋಕೇಸಿನೊಳಗ ಒಂದು ಪ್ಲಾಸ್ಟಿಕ್ ಯುದ್ಧವಿಮಾನ ಕಂಡ್ರ ನೀವು ಮೊದಲ ಏನಂತೀರಿ? 'ಭಾಳ ಛಲೋ ಮಾಡೀಯಲ್ಲೋ ತಮ್ಮಾ' ಅಂತೀರೋ, 'ಮೂಗು ಜರಾ ಉದ್ದ ಆಗ್ಯದ' ಅಂತೀರೋ? (ಬಾಯಿ ಬಿಡಬ್ಯಾಡ್ರಿ. ಉತ್ತರ ನನಗ ಗೊತ್ತದ.)

ನಿಮ್ಮನ್ನ ನಾ ಇವತ್ತಷ್ಟ ನೋಡಿದ್ದಲ್ಲ. ಲಗ್ನಪತ್ರಿಕೆ ಕೈಗೆ ಬಂದ್ರ ಮದುಮಗಳ ಹೆಸರಿಗಿಂತ ಮೊದಲು ಅಚ್ಚಿನ ತಪ್ಪು ಓದೋ ಮಂದಿ ನೀವು. ಮೈಲಾಪುರ ಜಾತ್ರ್ಯಾಗ ಮಗನಿಗೆ ವಿಮಾನದ ಆಟಿಗಿ ಕೊಡಿಸಿ, 'ಇದರ ಗಾಲಿ ಇಲ್ಲಿ ಇರಬಾರದಿತ್ತು ನೋಡು' ಅಂತ ಅಲ್ಲೇ ಪಾಠ ಸುರು ಮಾಡ್ತೀರಿ. ಕೂಸು ಪಾಪ, ಅದನ್ನ ಹಾರಿಸಲಾಕ ಕಾಯ್ಕೋತ ನಿಂತಿರ್ತದ.

ಅಂಥಾ ನಿಮಗಂತಲೇ ಹುಟ್ಟಿದ ವಸ್ತು ಅಂದ್ರ ಮಿಗ್-21ರ ಕಿಟ್. ಡಬ್ಬಿ ತೆಗೆದ್ರ ಬೂದಿ ಬಣ್ಣದ ಚೌಕಟ್ಟಿಗೆ ಹತ್ತಿದ ತುಣುಕು, ಒಂದು ಹಾಳಿ ಡಿಕಾಲ್ (ಮೈಮ್ಯಾಲ ಅಂಟಿಸೋ ಗುರ್ತು), ಹ್ಯಾಂಗ ಜೋಡಿಸಬೇಕು ಅಂತ ಒಂದು ಚಿತ್ರದ ಪುಸ್ತಕ. ಅಂಟು ಹಚ್ಚಬೇಕು, ಉಜ್ಜಬೇಕು, ಬಣ್ಣ ಬಳೀಬೇಕು. ನೀವು ಇದ್ಯಾವುದೂ ಮಾಡಂಗಿಲ್ಲ. ನೀವು ಪಟ್ಟಿ ಹಿಡಿದು ಅಳೀತೀರಿ.

ಅದರಾಗ ಮಿಗ್-21 ಅಂದ್ರ ನಿಮಗ ಹಕ್ಕು ಜಾಸ್ತಿ. ರಷ್ಯಾದ ವಿಮಾನ ಖರೇ, ಆದ್ರ ಅರ್ಧ ನಮ್ಮದೇ. 1963ರಾಗ ಚಂಡೀಗಢಕ್ಕ ಬಂತು. ಆಮ್ಯಾಲ ಎಚ್‌ಎಎಲ್‌ನವರು ನಾಸಿಕದಾಗ ಅದರ ಮೈ ಕಟ್ಟಿದ್ರು, ಒಡಿಶಾದ ಕೋರಾಪುಟದಾಗ ಎಂಜಿನ್ ಮಾಡಿದ್ರು, ನಮ್ಮ ಬಾಜೂಕಿನ ಹೈದರಾಬಾದಿನಾಗ ಎಲೆಕ್ಟ್ರಾನಿಕ್ಸ್ ಮಾಡಿದ್ರು. 2025ರ ಸೆಪ್ಟೆಂಬರ್ 26ಕ್ಕ ಅದೇ ಚಂಡೀಗಢದಾಗ ಕೈ ಮುಗಿದು ಕಳಿಸಿದ್ರು. ಅರವತ್ತೆರಡು ವರ್ಷದ ನೌಕರಿ!

'ಹಂಗಾರ ನಾ ಬೀದರದಾಗ ಅದನ್ನ ಹತ್ತಿರದಿಂದ ನೋಡೀನಲ್ಲ' ಅಂತೀರಿ ಈಗ. (ಅಂದೇ ಅಂತೀರಿ ಅಂತ ಗೊತ್ತಿತ್ತು.) ಬೀದರದ ವಾಯುನೆಲಿ ಅಂದ್ರ ಪೈಲಟ್‌ಗಳಿಗೆ ತರಬೇತಿ ಕೊಡೋ ಜಾಗ. ನಿಮ್ಮ ತಲಿ ಮ್ಯಾಲ ಗುಂಯ್ ಅಂತ ಹೋಗಿದ್ದು ಕಿರಣ್ ಇರಬೇಕು, ಇಲ್ಲಾ ಹಾಕ್ ಇರಬೇಕು. 1996ರಾಗ ಅಲ್ಲೇ ಹುಟ್ಟಿದ, ಆಕಾಶದಾಗ ಕಸರತ್ತು ಮಾಡೋ ಸೂರ್ಯಕಿರಣ ತಂಡ ಹಾರಿಸಿದ್ದೂ ಮೊದಲು ಕಿರಣ್, ಆಮ್ಯಾಲ ಹಾಕ್. ಮಿಗ್‌ಗೂ ಅವಕ್ಕೂ ರೆಕ್ಕಿ ಅವ ಅನ್ನೋದು ಬಿಟ್ರ ಬ್ಯಾರೆ ಹೋಲಿಕಿ ಇಲ್ಲ. ಇದರ ಮ್ಯಾಲ ನೀವು ಮಂದಿ ಕಿಟ್‌ನ ಮೂಗು ತಪ್ಪು ಅಂತೀರಿ!

ಖರೇ ಮಿಗ್-21 ಮುಟ್ಟಿ ನೋಡಬೇಕಂದ್ರ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕ ಹೋಗ್ರಿ. 2001ರಿಂದ ತೆಗೆದದ. ಹೋಗೋ ಮುಂದ ಪಟ್ಟಿ ಮನ್ಯಾಗ ಇಟ್ಟು ಹೋಗ್ರಿ, ಕಾವಲುಗಾರ ಗಾಬರಿ ಆದಾನು.

ಈಗ ಲೆಕ್ಕಕ್ಕ ಬರ್ರಿ. ಮಿಗ್-21ರ ರೆಕ್ಕಿ ಈ ತುದಿಯಿಂದ ಆ ತುದಿಗೆ 7.154 ಮೀಟರ್. ಹವ್ಯಾಸಿಗಳಿಗೆ ಪ್ರೀತಿಯ ಅಳತಿ ಎರಡು: 72ನೇ ಒಂದು ಪಾಲು, 48ನೇ ಒಂದು ಪಾಲು. ಭಾಗಿಸಿದ್ರ ಮೊದಲನೇದು 99.36 ಮಿಲಿಮೀಟರ್, ಎರಡನೇದು 149.04. (ಮೊಬೈಲ್ ತೆಗೆದು ಲೆಕ್ಕ ತಾಳೆ ನೋಡಲಾಕತ್ತೀರಿ ಹೌದಿಲ್ಲೋ? ನೋಡ್ರಿ, ನೋಡ್ರಿ.)

ನಿಮ್ಮ ಕೈಯಾಗಿನ ಸಣ್ಣ ಕಿಟ್ 98.4 ಬಂತು ಅಂತ ಇಟ್ಕೋರಿ. ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಕಮ್ಮಿ. ಖರೇ ವಿಮಾನದ ಲೆಕ್ಕಕ್ಕ ಅದು ಏಳು ಸೆಂಟಿಮೀಟರ್, ಅಂದ್ರ ನಾಕು ಬೆರಳು. ಏಳು ಮೀಟರ್ ರೆಕ್ಕಿಯಾಗ ನಾಕು ಬೆರಳು ಹೋದದ್ದಕ್ಕ ನೀವು ಎರಡು ರಾತ್ರಿ ನಿದ್ದಿ ಬಿಡ್ತೀರಿ. ನಿಮ್ಮ ಪ್ಲಾಟಿನ ಕಂಪೌಂಡ್ ಬಾಜೂಕಿನವರು ಒಂದು ಗೇಣು ಒತ್ತಿದ್ದು ಇನ್ನೂ ನೋಡೇ ಇಲ್ಲ.

ಆದ್ರ ಅದೇ ಕಿಟ್ ಮ್ಯಾಲ ಇನ್ನೊಂದು ದೊಡ್ಡ ಸುಳ್ಳು ಅದ, ಅದನ್ನ ಯಾಕ ಹಿಡಿಯಂಗಿಲ್ಲ? ತಗಡು ತಗಡು ಕೂಡೋ ಜಾಗದಾಗ ಕೊರದ ಗೆರಿ ನೋಡ್ರಿ. ಅದರ ಅಗಲ 0.2 ಮಿಲಿಮೀಟರ್ ಇದ್ರ, 72ರಿಂದ ಗುಣಿಸಿದ್ರ 14.4. ಖರೇ ವಿಮಾನದ ಮೈಮ್ಯಾಲ ಅಂಥಾ ಸಂದು ಇದ್ರ ನಿಮ್ಮ ಕಿರುಬೆರಳು ಒಳಗ ಹೊಕ್ಕು ಸಿಕ್ಕೊಂಡೀತು. ಶಬ್ದದ ಎರಡು ಪಟ್ಟು ವೇಗದಾಗ ಹೋಗೋ ವಿಮಾನಕ್ಕ ಅಂಥಾ ಸಂದು ಬಿಡ್ತಾರೇನ್ರಿ?

ಮಜಾ ಏನಂದ್ರ, ಆ ಗೆರಿ ಕಾಣದಿದ್ರ ನೀವೇ ಬೊಬ್ಬಿ ಹೊಡೀತೀರಿ. 'ಗೆರಿನೇ ಇಲ್ಲ, ಆಟಿಗಿ ಕಂಡಂಗ ಕಾಣ್ತದ' ಅಂತೀರಿ. ಅಂದ್ರ ನಿಮಗ ಬೇಕಾದ್ದು ಖರೇ ಅಳತಿ ಅಲ್ಲ, ಖರೇ ಅನಸೋ ಅಳತಿ. ಒಪ್ಪಿಕೊಳ್ರಿ, ಇಲ್ಲಿ ನಾವಿಬ್ಬರೇ ಇದ್ದೀವಿ.

ಈ 72ರ ಲೆಕ್ಕ ಎಲ್ಲಿಂದ ಬಂತು? ಆರಡಿ ಮನುಷ್ಯಾನ ಒಂದಿಂಚು ಮಾಡಿದ್ರ 72ನೇ ಒಂದು ಪಾಲು ಆಗ್ತದ, ಅಷ್ಟ. ಎರಡನೇ ಮಹಾಯುದ್ಧದಾಗ, 1942ರಾಗ, ಅಮೆರಿಕದ ನೌಕಾಪಡೆ ಸಾಲಿ ಹುಡುಗರ ಕೈಲೆ ಇದೇ ಅಳತಿಯ ವಿಮಾನ ಮಾಡಿಸಿತು. ಆಕಾಶದಾಗ ಬರೋದು ನಮ್ಮದೋ ವೈರಿದೋ ಅಂತ ಸೈನಿಕರು ದೂರದಿಂದ ಗುರ್ತು ಹಿಡಿಯೋದು ಕಲೀಲಿ ಅಂತ. ಹತ್ತು ಮೀಟರ್ ದೂರದಾಗ ತೂಗು ಹಾಕಿದ್ರ 720 ಮೀಟರ್ ದೂರದ ವಿಮಾನ ನೋಡಿದಂಗ. ಅಲ್ಲಿ ಕೆಲಸಕ್ಕ ಬರೋದು ಒಟ್ಟು ಆಕಾರ. ಮೊಳೆ ಎಣಿಸೋದು ಯಾರಿಗೂ ಬೇಕಿರಲಿಲ್ಲ.

ನೀವು ಅದನ್ನ ಕಣ್ಣಿಗೆ ಒತ್ತಿ ಹಿಡೀತೀರಿ. ಒಂದಡಿ ದೂರ ಅಂತ ಇಟ್ಕೊಂಡ್ರೂ ಖರೇ ವಿಮಾನದಿಂದ ಇಪ್ಪತ್ತೆರಡು ಮೀಟರ್ ಹಿಂದ ನಿಂತಂಗ ಆತು. ಅಷ್ಟು ದೂರದಿಂದ ರಿವೆಟ್ ಕಾಣ್ತಾವೇನು? ಕಾಣಂಗಿಲ್ಲ. ಕನ್ನಡಕ ಏರಿಸಿ, ಭೂತಕನ್ನಡಿ ಹಿಡಿದು, 'ರಿವೆಟ್ ಸಾಲಿನಾಗ ಎರಡು ಕಮ್ಮಿ ಅವ' ಅನ್ನೋದಂತೂ ಬಿಟ್ಟೇ ಬಿಡ್ರಿ.

ಇನ್ನ ನಿಮ್ಮ ಬ್ರಹ್ಮಾಸ್ತ್ರ, ಫೋಟೋ. 'ಫೋಟೋ ಪ್ರಕಾರ ಮೂಗು ದಪ್ಪ ಆಗ್ಯದ.' ಯಾವ ಫೋಟೋ? ಹತ್ತಿರ ನಿಂತು ಅಗಲ ಲೆನ್ಸಿನಾಗ ತೆಗೆದ್ರ ಮೂಗು ಉಬ್ಬತದ, ಬಾಲ ಸಣ್ಣಾಗ್ತದ. ದೂರದಿಂದ ಟೆಲಿ ಲೆನ್ಸ್ ಹಾಕಿದ್ರ ಇಡೀ ವಿಮಾನ ಒತ್ತಿ ಗಿಡ್ಡ ಮಾಡಿದಂಗ ಕಾಣ್ತದ.

ಶಹಾಪುರದ ಗುಡ್ಡದಾಗಿನ ಮಲಗಿದ ಬುದ್ಧನ್ನ ನೋಡೀರಲ್ಲ? ರಸ್ತಿ ಮ್ಯಾಲ ತಕ್ಕ ಜಾಗದಾಗ ನಿಂತ್ರ ಹಣಿ, ಮೂಗು, ಗದ್ದ ಎಲ್ಲಾ ಬರೆದಿಟ್ಟಂಗ. ಮುಂದ ಹೋದ್ರ ಬುದ್ಧ ಹೋಗಿ ಗುಡ್ಡ ಉಳೀತದ. ಅಲ್ಲಿ ನೀವು 'ಬುದ್ಧನ ಮೂಗು ತಪ್ಪು' ಅಂತ ಜಗಳ ತೆಗಿಯಂಗಿಲ್ಲ. ಬೆಂಗಳೂರಿನ ಬೀಗರ ಕೈ ಹಿಡಿದು 'ಇಲ್ಲಿ ಬಂದು ನಿಂದರ್ರಿ, ಕಾಣ್ತಾನ' ಅಂತೀರಿ. ಆ ಸಮಾಧಾನ ಪ್ಲಾಸ್ಟಿಕ್ ಮೂಗಿನ ಮುಂದ ಎಲ್ಲಿ ಹೋಗ್ತದ?

ಅದಿರಲಿ, ಎಲ್ಲಾಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ನೀವು ಕೇಳೇ ಇಲ್ಲ. ಯಾವ ಮಿಗ್-21? ಮೊದಲು ಬಂದ ಎಫ್-13ಕ್ಕ ಗಾಳಿ ಅಳಿಯೋ ಉದ್ದ ಕೊಳವಿ ಬಾಯಿ ಕೆಳಗ. ಎಫ್‌ಎಲ್‌ಗೆ ಅದು ಬಾಯಿ ಮ್ಯಾಲ ಏರ್ತು. ಕಡಿಗೆ ಬಂದ ಬಿಸ್‌ಗೆ ಮ್ಯಾಲೇ ಅದ, ಆದ್ರ ನಡುವಿನಿಂದ ಬಲಕ್ಕ ಸರದದ. ಕಂಪನಿಯವರು ಕೊಳವಿ ಸೊಟ್ಟ ಹಚ್ಚ್ಯಾರ ಅಂತ ನೀವು ಬೈದ್ರಲ್ಲ, ಅದು ರಷ್ಯಾದವರೇ ಹಂಗ ಇಟ್ಟಿದ್ದು ಸ್ವಾಮಿ!

ಬೆನ್ನೂ ಹಂಗ. ಎಫ್‌ಎಲ್‌ದು ಸಪೂರ ಬೆನ್ನು, ಬಿಸ್‌ದು ತಿಂದುಂಡು ದಪ್ಪಾದ ಬೆನ್ನು. ಎಫ್‌ಎಲ್‌ನ ಗಾಜಿನ ಮುಚ್ಚಳ ಇಡಿಯಾಗಿ ಮುಂದಕ್ಕ ಎತ್ತಿ ತೆಗಿಯೋದು. ಬಿಸ್‌ದು ಬಲಕ್ಕ ತೆಗಿಯೋದು, ಮುಂದಿನ ಗಾಜು ಅಲ್ಲೇ ಕೂತಿರ್ತದ. ಅದೇ ಬಿಸ್ ಆಮ್ಯಾಲ ಬೈಸನ್ ಆಗಿ ಮತ್ತ ಬದಲಾತು. ನೀವು ಬಿಸ್‌ನ ಫೋಟೋ ಇಟ್ಕೊಂಡು ಎಫ್‌ಎಲ್‌ನ ಬೆನ್ನು ಅಳೀಲಾಕತ್ತೀರಿ, ಮ್ಯಾಲ 'ಇವರಿಗೆ ಮಿಗ್ ಗೊತ್ತೇ ಇಲ್ಲ' ಅಂತೀರಿ.

ಬಣ್ಣದ ಮಾತು ತೆಗೀಲೇನು? ಬ್ಯಾಡ ಅಂತೀರಿ, ಆದ್ರೂ ತೆಗೀತೀನಿ. 1971ರ ಯುದ್ಧದ ಹೊತ್ತಿಗೆ ಬೆಳ್ಳಿ ಮೈಯ ನಮ್ಮ ಮಿಗ್‌ಗಳಿಗೆ ಸ್ಕ್ವಾಡ್ರನ್‌ನವರೇ ತಮಗ ತಿಳಿದಂಗ, ಸಿಕ್ಕ ಬಣ್ಣ ಬಳಿದು ಮರಿ ಮಾಚಿದ್ರು. ಒಂದರಂಗ ಇನ್ನೊಂದು ಇಲ್ಲ. ನೀವು ಐವತ್ತು ವರ್ಷ ಆದ ಮ್ಯಾಲ ಬಣ್ಣದ ಚಾರ್ಟ್ ಹಿಡಿದು 'ಈ ಹಸಿರು ಆ ಹಸಿರಲ್ಲ' ಅಂತ ಕೂತೀರಿ. ಬಳಿದವನಿಗೇ ಅವತ್ತು ಯಾವ ಡಬ್ಬಿ ತೆಗೆದೆ ಅನ್ನೋದು ನೆನಪಿರಲಿಕ್ಕಿಲ್ಲ.

(ಒಳಗಿನ ಬಣ್ಣದಾಗ ಮಾತ್ರ ನಿಮ್ಮ ಮಾತಿಗೆ ತೂಕ ಅದ. ಪೈಲಟ್ ಕೂಡ್ರೋ ಗೂಡಿಗೆ ರಷ್ಯಾದವರು ಹಚ್ಚತಿದ್ದದ್ದು ನೀಲಿ-ಹಸಿರು ಕೂಡಿದ ಒಂದು ಕಣ್ಣು ಕುಕ್ಕೋ ಬಣ್ಣ. ಗಾಲಿ ನಡುವಿನ ಬಟ್ಟಲಕ್ಕೂ ಅಚ್ಚ ಹಸಿರು. ಅಲ್ಲಿ ಬೂದಿ ಬಣ್ಣ ಬಳಿದವನನ್ನ ಹಿಡಕೊಳ್ರಿ, ನಾ ಅಡ್ಡ ಬರಂಗಿಲ್ಲ.)

ನೀವು ಇಷ್ಟು ಮೂಗು ಮುರಿಯೋ ಈ ಕಾಲ ಎಷ್ಟು ಪುಣ್ಯದ ಕಾಲ ಅಂತ ಗೊತ್ತೇನು? ಒಂದು ಕಾಲಕ್ಕ ಸೋವಿಯತ್ ವಿಮಾನ ಅಂದ್ರ ಪರದೆ ಹಿಂದಿನ ಮದುಮಗಳು. ಫೋಟೋ ಸಿಗತಿರಲಿಲ್ಲ. 1950ರ ದಶಕದಾಗ ಅಮೆರಿಕದ ಅರೋರಾ ಕಂಪನಿ 'ಮಿಗ್-19' ಅಂತ ಒಂದು ಕಿಟ್ ಮಾರಿತು. ಖರೇ ಮಿಗ್-19ಕ್ಕೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ, ಪೂರಾ ಊಹಾ. ಹುಡುಗರು ಖುಷಿಲೆ ಕಟ್ಟಿ ಆಡಿದ್ರು.

ಆಮ್ಯಾಲ ವಿಮಾನಗಳು ತಾವೇ ಮುಖ ತೋರಿಸಲಾಕ ಸುರು ಮಾಡಿದ್ವು. 1966ರಾಗ ಇರಾಕಿನ ಪೈಲಟ್ ಒಬ್ಬ ಮಿಗ್-21 ಹಾರಿಸ್ಕೊಂಡು ಇಸ್ರೇಲಿಗೆ ಹೋದ. 1976ರ ಸೆಪ್ಟೆಂಬರ್ 6ಕ್ಕ ವಿಕ್ಟರ್ ಬೆಲೆಂಕೊ ಅನ್ನೋ ಸೋವಿಯತ್ ಪೈಲಟ್ ಮಿಗ್-25 ತಗೊಂಡು ಸೀದಾ ಜಪಾನಿನ ಹಕೊಡಾಟೆದಾಗ ಇಳಿದ. ಪಶ್ಚಿಮದ ಮಂದಿ ಒಂದು ಮಿಗ್ ಮುಟ್ಟಲಾಕ ಇಷ್ಟೆಲ್ಲಾ ನಡೀಬೇಕಾತು. ನಮ್ಮ ನಾಸಿಕದ ಕಾರ್ಖಾನ್ಯಾಗ ಮಧ್ಯಾಹ್ನದ ಡಬ್ಬಿ ಬಿಚ್ಚಿ ಉಂಡು, ಕೈ ತೊಳಕೊಂಡು, ಅದೇ ಮಿಗ್-21ರ ನಟ್ಟು ಬಿಗೀತಿದ್ರು.

ಇಂಥಾ ಊಹಾದ ಕಿಟ್‌ಗಳ ತುದಿ ಯಾವುದಂದ್ರ 1987. ಟೆಸ್ಟರ್ಸ್ ಅನ್ನೋ ಕಂಪನಿ 'ಮಿಗ್-37' ಕಿಟ್ ತಂತು. ರಾಡಾರಿಗೆ ಕಾಣದ ಸೋವಿಯತ್ ವಿಮಾನ ಅಂತ. ಅದು ರಾಡಾರಿಗಷ್ಟ ಅಲ್ಲ, ಯಾರಿಗೂ ಕಾಣಲಿಲ್ಲ, ಯಾಕಂದ್ರ ಅಂಥಾ ವಿಮಾನ ಹುಟ್ಟೇ ಇಲ್ಲ! ಜಗತ್ತಿನಾಗ ನೂರಕ್ಕ ನೂರು ಕರಾರುವಾಕ್ ಆದ ಕಿಟ್ ಅಂದ್ರ ಅದೊಂದೇ ನೋಡ್ರಿ. ನೀವು ಎಂಥಾ ಪಟ್ಟಿ ತಂದ್ರೂ ಅದರಾಗ ಒಂದು ತಪ್ಪು ತೆಗಿಯೋದು ಆಗಂಗಿಲ್ಲ.

ಹಂಗಂತ ನಿಮ್ಮ ಪಟ್ಟಿ ದಂಡ ಅಂತ ನಾ ಅನ್ನಂಗಿಲ್ಲ. ಮಿಗ್-21ರ ಕಿಟ್‌ಗೆ ಹೆಸರಾದ ಚೆಕ್ ದೇಶದ ಎಡ್ವಾರ್ಡ್ ಕಂಪನಿ 2014ರಾಗ ಜರ್ಮನಿಯ ಮೆಸ್ಸರ್‌ಸ್ಮಿಟ್ 109ರ ಕಿಟ್ ತಂತು. ಪ್ಲಾಸ್ಟಿಕ್ ನಾಜೂಕು, ಗೆರಿ ಚಂದ, ಎಲ್ಲಾ ಛಲೋ. ಆದ್ರ ನಿಮ್ಮಂಥವರು ಅಳದು ನೋಡಿದ್ರು: 48ರ ಲೆಕ್ಕಕ್ಕ ದೊಡ್ಡದಾಗ್ಯದ! ಕಂಪನಿ ವಾದಾ ಮಾಡಿ ಗೆಲ್ಲಲಿಲ್ಲ. ಎರಡು ವರ್ಷದಾಗ ಹೊಸ ಅಚ್ಚು ಮಾಡಿ ಸರಿಯಾದ್ದು ತಂತು. (ಈ ಪ್ಯಾರಾ ಕತ್ತರಿಸಿ ಗ್ವಾಡಿಗೆ ಹಚ್ಚಬ್ಯಾಡ್ರಿ. ಮನಿಯವರು ಓದ್ತಾರ.)

ಮನಿಯವರು ಅಂದ ಕೂಡ್ಲೆ ನೆನಪಾತು. ತೊಗರಿ ಚೀಲದ ಹಿಂದ, ಹಳೇ ಟ್ರಂಕಿನೊಳಗ, ಅಟ್ಟದ ಮ್ಯಾಲ ಅಂತ ಒಟ್ಟು ಎಷ್ಟು ಡಬ್ಬಿ ಇಟ್ಟೀರಿ? 'ಏನ್ರೀ ಇದು, ಮತ್ತ ಕೊರಿಯರ್ ಬಂದದ?' ಅಂದ್ರ 'ಆಫೀಸಿಂದು' ಅಂತೀರಿ. ಆ ಡಬ್ಬ್ಯಾಗ ಒಂದಕ್ಕರ ಅಂಟು ಹಚ್ಚೀರೇನು? ಯಾಕ ಹಚ್ಚಿಲ್ಲ ಅಂತ ಕೇಳಿದ್ರ ನಿಮ್ಮ ಬಲ್ಲಿ ಉತ್ತರಕ್ಕೇನು ಬರಾ ಇಲ್ಲ. 'ಯಾದಗಿರಿ ಬಿಸಲಿಗೆ ಬಣ್ಣ ಕುಂಚದಾಗೇ ಒಣಗ್ತದ. ಧೂಳು ಕೂಡ್ತದ. ಇದರ ಮೂಗು ಸರಿ ಇಲ್ಲ, ಇದಕ್ಕಿಂತ ಛಲೋದು ಬರಲಿ.' ಕುಣೀಲಾರದಾಕಿಗೆ ಅಂಗಳ ಡೊಂಕು!

ಖರೇ ಕಾರಣ ನಾ ಹೇಳ್ಲೇನು? ಕಿವಿ ಹತ್ತಿರ ತರ್ರಿ. ಡಬ್ಬ್ಯಾಗ ಇರೋ ತನಕ ತಪ್ಪೆಲ್ಲಾ ಕಂಪನಿದು. ನಾಕು ಬೆರಳು ಕಮ್ಮಿ ಆದ ರೆಕ್ಕಿ ಅವರದು, ದಪ್ಪ ಮೂಗು ಅವರದು, ನೀವು ಬರೇ ನ್ಯಾಯಾಧೀಶರು. ಒಂದು ಸಲ ಅಂಟು ಹಚ್ಚಿದ್ರ ಕತಿ ತಿರುಗ್ತದ. ಗಾಜಿನ ಮ್ಯಾಲ ಮೂಡಿದ ಹೆಬ್ಬೆರಳಿನ ಗುರ್ತು ನಿಮ್ಮದು, ಸೊಟ್ಟ ಕೂತ ಬಾಲ ನಿಮ್ಮದು, ಮಡಚಿಕೊಂಡ ಡಿಕಾಲ್ ನಿಮ್ಮದು. ಅದನ್ನ ಯಾವ ಫೋಟೋ ತೋರಿಸಿ ವಾದಾ ಮಾಡ್ತೀರಿ?

'ನಾ ಕಿಟ್ ತಗೊಳ್ಳೋನೇ ಅಲ್ಲ' ಅಂತ ಹಿಂದಿನ ಸಾಲಿನಾಗ ಕೂತು ಮುಸಿಮುಸಿ ನಗೋರಿಗೂ ಒಂದು ಮಾತು. ಲಗ್ನಪತ್ರಿಕೆ ತಪ್ಪು ಹಿಡಿಯೋ ನೀವು ಒಂದರ ಪತ್ರಿಕೆ ಬರೆದು ಕೊಟ್ಟೀರೇನು? ಇಲ್ಲಲ್ಲ? ಮತ್ತ ಮುಂದಿನ ಸಾಲಿಗೆ ಬಂದು ಕೂಡ್ರಿ.

ಈಗ ಹಿಂಗ ಮಾಡ್ರಿ. ಈ ಐತವಾರ ಒಂದು ಡಬ್ಬಿ ಇಳಿಸ್ರಿ. ಯಾವ ಮಿಗ್, ಯಾವ ವರ್ಷದ್ದು ಅಂತ ಮೊದಲ ನಿಕ್ಕಿ ಮಾಡ್ಕೊರಿ, ಕೊಳವಿ ಬಲಕ್ಕೋ ನಡುವಿಗೋ ನೋಡ್ಕೊರಿ, ಪಟ್ಟಿ ಮಗನ ಕಂಪಾಸ್ ಡಬ್ಬ್ಯಾಗ ವಾಪಸ್ ಇಡ್ರಿ. ಕಟ್ರಿ. ಬಣ್ಣ ಹಚ್ರಿ. ಒಣಗಿದ ಮ್ಯಾಲ ಒಂದು ಫೋನ್ ಹಚ್ರಿ. ನಾ ಸುರಪುರದ ಬಸ್ಸಿಗೆ ಬರ್ತೀನಿ, ನೀವು ಚಹಾ ಇಡ್ರಿ. ಬರೋ ಮುಂದ ನಮ್ಮ ಪಟ್ಟಿ ನಾನೇ ತರ್ತೀನಿ.