ಅಷ್ಟತಂತು ಮೀಮಾಂಸೆ: ಮನೆಯ ನೆಟ್‌ವರ್ಕ್ ಕೇಬಲ್ಲಿನ ನಿರ್ಮಾಣ ಮತ್ತು ಪರೀಕ್ಷೆಯ ತಾತ್ವಿಕ ನೆಲೆಗಳು

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ರೂಟರಿನಿಂದ ಕಂಪ್ಯೂಟರಿಗೋ ಟಿವಿಗೋ ಎಳೆಯಬೇಕಾದ ನೆಟ್‌ವರ್ಕ್ ಕೇಬಲ್ಲನ್ನು ಅಂಗಡಿಯಿಂದ ಸಿದ್ಧವಾಗಿ ತರದೆ, ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಹೊರಕವಚ ಸುಲಿದು, ಎರಡೂ ತುದಿಗೆ ಕನೆಕ್ಟರ್ ಒತ್ತಿ ಮನೆಯವರೇ ತಯಾರಿಸಿಕೊಳ್ಳುವ ಪ್ರಕ್ರಿಯೆಯನ್ನು ಪ್ರಸ್ತುತ ಅಧ್ಯಯನವು ‘ಸ್ವಹಸ್ತ ತಂತುಸಂಧಾನ’ ಎಂದು ನಿರ್ವಚಿಸುತ್ತದೆ. ಇದನ್ನು ‘ಕೇಬಲ್ ಕ್ರಿಂಪ್ ಮಾಡುವುದು’ ಎಂದು ಹೇಳಬಹುದಾಗಿತ್ತು. ಆದರೆ ಹಾಗೆ ಹೇಳಿದರೆ ಎಲ್ಲರಿಗೂ ಅರ್ಥವಾಗಿಬಿಡುವ ಅಪಾಯವಿರುವುದರಿಂದ ಮತ್ತು ಎಲ್ಲರಿಗೂ ಅರ್ಥವಾದದ್ದನ್ನು ಸಂಶೋಧನೆಯೆಂದು ಒಪ್ಪುವ ಪರಿಪಾಠ ಇನ್ನೂ ಬೆಳೆದಿಲ್ಲವಾದ್ದರಿಂದ ಆ ಮಾರ್ಗವನ್ನು ಕೈಬಿಡಲಾಗಿದೆ. ಅಧ್ಯಯನದ ವೈಧಾನಿಕತೆ ಬಹುಶಿಸ್ತೀಯವಾದುದು, ಅಂದರೆ ಯಾವ ಶಿಸ್ತಿಗೂ ಒಳಪಡದ್ದು.

ಪ್ರಬಂಧದ ವ್ಯಾಪ್ತಿ 100 ಮೀಟರ್. ಇದು ವಿನಯಕ್ಕೆ ಹೇಳಿದ ಮಾತಲ್ಲ. ಗೋಡೆಯೊಳಗೆ ಸ್ಥಿರವಾಗಿ ಹಾಯುವ ಕೇಬಲ್ 90 ಮೀಟರ್, ಎರಡೂ ಕೊನೆಗಳಲ್ಲಿ ಸಿಕ್ಕಿಸುವ ತುಂಡು ಕೇಬಲ್ಲುಗಳು ಒಟ್ಟು 10 ಮೀಟರ್ ಎಂದು ಮಾನಕಗಳೇ ವಿಧಿಸಿವೆ. ತನ್ನ ಮಿತಿಯನ್ನು ಟೇಪು ಹಿಡಿದು ಅಳೆದು ತೋರಿಸಬಲ್ಲ ಪ್ರಬಂಧಗಳು ವಿರಳವಾದ್ದರಿಂದ ಈ ಅಂಶವನ್ನು ಪ್ರತ್ಯೇಕವಾಗಿ ದಾಖಲಿಸಲಾಗಿದೆ.

2. ಪೂರ್ವಸೂರಿಗಳು

ಎರಡು ತಂತಿಗಳನ್ನು ಒಂದರ ಸುತ್ತ ಒಂದು ಹೊಸೆದು ಜೋಡಿ ಮಾಡುವ ಉಪಾಯಕ್ಕೆ ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದರು. ಈಥರ್ನೆಟ್ಟಿನ ಕಲ್ಪನೆಯನ್ನು ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಬರೆದಿಟ್ಟಾಗ ಅದಕ್ಕೆ ಒದಗಿದ್ದು ದಪ್ಪನೆಯ ಕೋಯಾಕ್ಸಿಯಲ್ ಕೇಬಲ್. ಹೊಸೆದ ಜೋಡಿತಂತಿಯ ಮೇಲೆ ಈಥರ್ನೆಟ್ ಓಡಿಸುವುದಕ್ಕೆ 1990ರಲ್ಲಿ ಮಾನಕ ಸಿಕ್ಕಿತು. 1999ರಲ್ಲಿ ಅದೇ ಬಗೆಯ ತಂತಿಯ ನಾಲ್ಕೂ ಜೋಡಿಗಳನ್ನು ಬಳಸಿ ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುವ ಗಿಗಾಬಿಟ್ ಪದ್ಧತಿ ಬಂತು.

ಹೊಸೆಯುವುದು ಏಕೆಂಬುದನ್ನು ಇಲ್ಲಿ ವಿವರಿಸಬೇಕು. ಜೋಡಿಯ ಒಂದು ತಂತಿಯಲ್ಲಿ ಸಂಕೇತ ಏರಿದರೆ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತದೆ. ಪಕ್ಕದ ಕರೆಂಟ್ ತಂತಿಯಿಂದಲೋ ಮಿಕ್ಸಿಯಿಂದಲೋ ಬರುವ ಅಡಚಣೆ, ಎರಡೂ ತಂತಿಗಳು ಹೊಸೆದುಕೊಂಡಿರುವುದರಿಂದ, ಎರಡರ ಮೇಲೂ ಸಮನಾಗಿ ಬೀಳುತ್ತದೆ. ಆಚೆ ತುದಿಯ ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಸಮನಾಗಿ ಬಿದ್ದದ್ದು ತಾನಾಗಿ ಕಳೆದುಹೋಗುತ್ತದೆ. ನಾಲ್ಕು ಜೋಡಿಗಳೂ ಒಂದರ ಮಾತನ್ನು ಒಂದು ಕದ್ದು ಕೇಳದಿರಲೆಂದು ಒಂದೊಂದನ್ನೂ ಬೇರೆ ಬೇರೆ ಬಿಗಿಯಲ್ಲಿ ಹೊಸೆದಿರುತ್ತಾರೆ. ವಿಷಯ ಇಷ್ಟೇ ಆದರೂ ಇದನ್ನು ಹೀಗೆಯೇ ಬಿಟ್ಟರೆ ಪ್ರಬಂಧಕ್ಕೆ ಗೌರವ ಬರುವುದಿಲ್ಲವಾದ್ದರಿಂದ, ‘ದ್ವಂದ್ವಾತ್ಮಕ ಸಂಕಥನದ ಪರಸ್ಪರಾವಲಂಬಿ ಸುರುಳಿಯಲ್ಲಿ ಬಾಹ್ಯ ಯಾಜಮಾನ್ಯದ ನಿರಸನ’ ಎಂಬ ಸೂತ್ರವನ್ನು ಈ ಮೂಲಕ ಮಂಡಿಸಲಾಗಿದೆ. ಇದು ಮೇಲಿನ ಮೂರು ಸಾಲುಗಳಿಗಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ವಿಚಾರಸಂಕಿರಣದಲ್ಲಿ ಓದಲು ಮಾತ್ರ ಅನುಕೂಲವಾಗಿದೆ.

3. ಮಾರ್ಗಭೇದ ವಿಚಾರ

ಕವಿರಾಜಮಾರ್ಗವು ಕಾವ್ಯದಲ್ಲಿ ಉತ್ತರ, ದಕ್ಷಿಣ ಎಂಬ ಎರಡು ಮಾರ್ಗಗಳನ್ನು ಗುರುತಿಸಿದಂತೆ ತಂತುಶಾಸ್ತ್ರವೂ ಎಂಟು ತಂತಿಗಳನ್ನು ಕನೆಕ್ಟರಿನೊಳಗೆ ಕೂರಿಸುವ ಕ್ರಮದಲ್ಲಿ ಟಿ568ಎ ಮತ್ತು ಟಿ568ಬಿ ಎಂಬ ಎರಡು ಮಾರ್ಗಗಳನ್ನು ಒಪ್ಪಿದೆ. ಕನೆಕ್ಟರಿನ ಕೊಂಡಿ ಕೆಳಗೆ, ತಂತಿ ತೂರಿಸುವ ಬಾಯಿ ತನ್ನ ಕಡೆಗೆ ಇರುವಂತೆ ಹಿಡಿದು ಎಡದಿಂದ ಎಣಿಸಿದರೆ ಬಿ ಮಾರ್ಗದ ಕ್ರಮ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕಿತ್ತಳೆ ಜೋಡಿಯ ಜಾಗದಲ್ಲಿ ಹಸಿರನ್ನೂ ಹಸಿರಿನ ಜಾಗದಲ್ಲಿ ಕಿತ್ತಳೆಯನ್ನೂ ಇಟ್ಟರೆ ಅದೇ ಎ ಮಾರ್ಗ. ಎರಡರ ನಡುವೆ ವಿದ್ಯುತ್ತಿನ ದೃಷ್ಟಿಯಿಂದ ಯಾವ ಭೇದವೂ ಇಲ್ಲದಿರುವುದೇ ಎರಡೂ ಪಂಥಗಳ ಅನುಯಾಯಿಗಳು ಇಷ್ಟು ಉತ್ಸಾಹದಿಂದ ವಾದಿಸುವುದಕ್ಕೆ ಕಾರಣವೆಂದು ಅಧ್ಯಯನವು ಭಾವಿಸುತ್ತದೆ. ಒಂದು ತುದಿಗೆ ಎ, ಇನ್ನೊಂದಕ್ಕೆ ಬಿ ಹಾಕಿದ ‘ಕ್ರಾಸ್‌ಓವರ್’ ಎಂಬ ಉಭಯಮಾರ್ಗೀಯ ಕೇಬಲ್ ಹಿಂದೆ ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸಲು ಬೇಕಾಗುತ್ತಿತ್ತು. ಈಗಿನ ಉಪಕರಣಗಳು ಯಾವುದು ಹೇಗಿದೆಯೆಂದು ತಾವೇ ಅರಿತು ಹೊಂದಿಕೊಳ್ಳುವುದರಿಂದ ಆ ಸಮನ್ವಯವಾದಿಗಳಿಗೂ ಕೆಲಸವಿಲ್ಲ.

4. ಕ್ರಿಯಾಪ್ರಕರಣ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಊರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ಕ್ರಿಂಪಿಂಗ್ ಟೂಲ್, ಆರ್‌ಜೆ45 ಕನೆಕ್ಟರ್, ಟೆಸ್ಟರ್ ಈ ಮೂರನ್ನೂ ಕೊಂಡ ಸಾಧಕನು ಮೊಟ್ಟಮೊದಲು ಮಾಡಬೇಕಾದ್ದು ಕನೆಕ್ಟರಿನ ಹಿಂಬದಿಯನ್ನು ಮುಚ್ಚುವ ರಬ್ಬರ್ ಬೂಟನ್ನು ಕೇಬಲ್ಲಿಗೆ ತೂರಿಸುವುದು. ಕನೆಕ್ಟರ್ ಒತ್ತಿದ ಮೇಲೆ ಬೂಟು ಒಳಹೋಗದೆಂಬ ಜ್ಞಾನವು ಒತ್ತಿದ ಮೇಲೆಯೇ ಉಂಟಾಗುವುದು ಲೋಕಾನುಭವ. ಹೊರಕವಚವನ್ನು ಸುಮಾರು ಒಂದು ಇಂಚು ಸುಲಿದು, ಒಳತಂತಿಗೆ ಬ್ಲೇಡು ತಾಗಿಲ್ಲವೆಂದು ಖಚಿತಪಡಿಸಿಕೊಂಡು, ಜೋಡಿಗಳನ್ನು ಬಿಡಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆದೆಳೆದು ಸುಕ್ಕು ತೆಗೆದು, ಎಂಟನ್ನೂ ಕ್ರಮದಲ್ಲಿ ಚಪ್ಪಟೆಯಾಗಿ ಹಿಡಿದು, ತುದಿಯನ್ನು ಒಂದೇ ನೇರಕ್ಕೆ ಕತ್ತರಿಸಿ ಕನೆಕ್ಟರಿನೊಳಗೆ ತಳ್ಳಬೇಕು. ಪಾರದರ್ಶಕ ಮೂತಿಯ ಎದುರಿನಿಂದ ನೋಡಿದಾಗ ಎಂಟು ತಾಮ್ರದ ಚುಕ್ಕೆಗಳು ಸಾಲಾಗಿ ಹೊಳೆಯಬೇಕು. ಹೊರಕವಚವೂ ಕನೆಕ್ಟರಿನ ಒಳಗೆ ಬಂದು ಒತ್ತುಪಟ್ಟಿಯ ಅಡಿ ಸಿಕ್ಕಿರಬೇಕು, ಇಲ್ಲವಾದರೆ ಕೇಬಲ್ ಎಳೆದಾಗಲೆಲ್ಲ ಅದರ ಭಾರ ಕೂದಲೆಳೆಯಂಥ ತಂತಿಗಳ ಮೇಲೆ ಬೀಳುತ್ತದೆ. ಹೊಸೆತ ಬಿಚ್ಚಿದ ಭಾಗ 13 ಮಿ.ಮೀ. ಮೀರಬಾರದು. ಅನಂತರ ಟೂಲನ್ನು ಒಮ್ಮೆ ಬಲವಾಗಿ ಒತ್ತುವುದು.

5. ಕರ್ತೃ ವರ್ಗೀಕರಣ

ತಂತುಸಂಧಾನಕಾರರು ಒಂಬತ್ತು ವಿಧ. ಮೊದಲನೆಯದು ಆರಂಭಶೂರ: ಒಂದು ಮಲಗುವ ಕೋಣೆಗೆ 305 ಮೀಟರಿನ ಇಡೀ ಪೆಟ್ಟಿಗೆ ಕೊಳ್ಳುವವನು. ಎರಡನೆಯದು ವರ್ಣಮೋಹಿತ: ಪರದೆಯ ಬಣ್ಣಕ್ಕೆ ಹೊಂದುವ ಕೇಬಲ್ ಹುಡುಕುವವನು. ಮೂರನೆಯದು ಪುನಃಪರೀಕ್ಷಕ, ಇವನನ್ನು ಸಾತ್ವಿಕ, ರಾಜಸ, ತಾಮಸ ಎಂದು ಮತ್ತೆ ವಿಂಗಡಿಸಬಹುದು. ಉಳಿದ ಆರು ವಿಧಗಳು ಒಂಬತ್ತೆಂಬ ಸಂಖ್ಯೆಯ ಘನತೆಗಾಗಿ ಸೇರಿದಂಥವಾದ್ದರಿಂದ, ಮತ್ತು ವರ್ಗೀಕರಣದಿಂದ ಕೇಬಲ್ಲಿಗೆ ಯಾವ ಪ್ರಯೋಜನವೂ ಕಾಣದ್ದರಿಂದ, ಈ ಅಧ್ಯಾಯವನ್ನು ಇಲ್ಲಿಗೆ ನಿಲ್ಲಿಸಲಾಗಿದೆ.

6. ದ್ರವ್ಯಶುದ್ಧಿ

ಕೇಬಲ್ಲಿನ ಒಳತಂತಿ ಶುದ್ಧ ತಾಮ್ರದ್ದಾಗಿರಬೇಕೆಂದು ಮಾನಕ ಹೇಳುತ್ತದೆ. ಮಾರುಕಟ್ಟೆಯಲ್ಲಿ ತಾಮ್ರಲೇಪಿತ ಅಲ್ಯೂಮಿನಿಯಂ ತಂತಿಯನ್ನು ಒಳಗಿಟ್ಟು, ಮೇಲೆ ‘ಕ್ಯಾಟ್ 6’ ಎಂಬ ದರ್ಜೆಯ ಹೆಸರು ಅಚ್ಚೊತ್ತಿದ ಕೇಬಲ್ಲೂ ಧಾರಾಳವಾಗಿ ಸಿಗುತ್ತದೆ. ಅಲ್ಯೂಮಿನಿಯಂ ವಿದ್ಯುತ್ತನ್ನು ಒಯ್ಯುವ ಶಕ್ತಿ ತಾಮ್ರದ ಸುಮಾರು ಶೇ. 61ರಷ್ಟು ಮಾತ್ರ, ಪದೇ ಪದೇ ಬಗ್ಗಿಸಿದರೆ ಬೇಗ ಮುರಿಯುತ್ತದೆ, ಕ್ಯಾಮೆರಾಗಳಿಗೆ ಕೇಬಲ್ಲಿನಲ್ಲೇ ಕರೆಂಟು ಕೊಡುವ ವ್ಯವಸ್ಥೆಯಿದ್ದರೆ ಹೆಚ್ಚು ಬಿಸಿಯಾಗುತ್ತದೆ. ಬ್ಲೇಡಿನಿಂದ ತಂತಿಯ ಮೈಯನ್ನು ಕೊಂಚ ಕೆರೆದರೆ ಕೆಂಪಿನ ಕೆಳಗೆ ಬೆಳ್ಳನೆಯ ಲೋಹ ಕಾಣುವುದು ಇದರ ಗುರುತು.

ಈ ವಿದ್ಯಮಾನಕ್ಕೆ ‘ದ್ರವ್ಯದ ಅನನ್ಯತೆಯ ಬಿಕ್ಕಟ್ಟು’ ಎಂಬ ಹೆಸರನ್ನು ಸಿದ್ಧಪಡಿಸಲಾಗಿತ್ತು. ಅದನ್ನು ಕೈಬಿಡಲಾಗಿದೆ, ಏಕೆಂದರೆ ಇದು ಬಿಕ್ಕಟ್ಟಲ್ಲ, ಮೋಸ. ಒಂದನ್ನು ಹೇಳಿ ಇನ್ನೊಂದನ್ನು ಕೊಡುವುದಕ್ಕೆ ಕನ್ನಡದಲ್ಲಿ ಹಳೆಯ, ಸ್ಪಷ್ಟವಾದ ಪದವಿರುವಾಗ ಹೊಸ ಪರಿಭಾಷೆ ಕಟ್ಟುವುದು ಮೋಸಗಾರನಿಗೆ ಮಾಡುವ ಸಹಾಯ. ಎರಡು ವರ್ಷದ ಮೇಲೆ ಗೋಡೆಯೊಳಗೆ ಆ ಕೇಬಲ್ ಕೈಕೊಟ್ಟಾಗ ಬೈಸಿಕೊಳ್ಳುವವನು ಪೆಟ್ಟಿಗೆಯ ಮೇಲೆ ಸುಳ್ಳು ಅಚ್ಚುಹಾಕಿದವನಲ್ಲ. ಮಾಲೀಕರು ತಂದುಕೊಟ್ಟದ್ದನ್ನು ಏಣಿ ಹತ್ತಿ ಎಳೆದುಕೊಟ್ಟ ಹುಡುಗ. ತಂತಿಯನ್ನು ಬೆರಳಲ್ಲಿ ಬಗ್ಗಿಸಿದೊಡನೆ ಅದರ ಜಾತಕ ಹೇಳಬಲ್ಲವನೂ ಅವನೇ. ಅವನ ಬೆರಳಿಗೆ ಗೊತ್ತಿರುವುದನ್ನು ಕನ್ನಡದಲ್ಲಿ ಹತ್ತು ಪುಟದಲ್ಲಿ ಬರೆದಿಟ್ಟರೆ, ಕನ್ನಡ ಮಾಧ್ಯಮದಲ್ಲಿ ಓದಿ ಐಟಿಐ ಮುಗಿಸಿ ಈ ಕಸುಬಿಗೆ ಬರುವ ಮುಂದಿನ ಹುಡುಗನಿಗೆ ಆರು ತಿಂಗಳ ಬೈಗುಳ ಉಳಿಯುತ್ತದೆ. ಆ ಹತ್ತು ಪುಟ ಬರೆಯುವುದರಿಂದ ಯಾರಿಗೂ ಬಡ್ತಿ ಸಿಗುವುದಿಲ್ಲ.

7. ಪರೀಕ್ಷಾಪ್ರಕರಣ

ಕೆಲವು ನೂರು ರೂಪಾಯಿಯ ಟೆಸ್ಟರಿಗೆ ಎರಡು ಭಾಗಗಳುಂಟು. ಒಂದೊಂದನ್ನು ಕೇಬಲ್ಲಿನ ಒಂದೊಂದು ತುದಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ 1ರಿಂದ 8ರವರೆಗಿನ ದೀಪಗಳು ಎರಡೂ ಕಡೆ ಸರದಿಯಂತೆ ಹತ್ತುತ್ತವೆ. ಯಾವ ದೀಪ ಹತ್ತದೋ ಆ ತಂತಿ ತುಂಡಾಗಿದೆ. ಸರದಿ ತಪ್ಪಿದರೆ ತಂತಿ ಅದಲುಬದಲಾಗಿದೆ. ಎಂಟೂ ಸರದಿಯಲ್ಲಿ ಹತ್ತಿದರೆ ಕೇಬಲ್ ಸರಿಯಿದೆಯೆಂಬುದು ಲೋಕದ ನಂಬಿಕೆ.

ಈ ನಂಬಿಕೆ ತಪ್ಪು. ಕ್ರಮ ತಿಳಿಯದವನು ಒಪ್ಪವಾಗಿ ಕಾಣಲೆಂದು ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳನ್ನು 1-2, 3-4, 5-6, 7-8 ಎಂದು ಸಾಲಾಗಿ ಕೂರಿಸಿ ಎರಡೂ ತುದಿಗಳಲ್ಲಿ ಹಾಗೆಯೇ ಮಾಡಿದರೆ ಎಂಟೂ ದೀಪಗಳು ಸರದಿ ತಪ್ಪದೆ ಹತ್ತುತ್ತವೆ. ಆದರೆ ಉಪಕರಣವು 3 ಮತ್ತು 6ನ್ನು ಒಂದು ಜೋಡಿಯೆಂದು ಬಳಸುತ್ತದೆ. ಇಲ್ಲಿ 3 ಹಸಿರಿನ ಸಂಗಾತಿ, 6 ನೀಲಿಯ ಸಂಗಾತಿ. ಪರಸ್ಪರ ಹೊಸೆದುಕೊಂಡಿರದ ಎರಡು ತಂತಿಗಳ ಮೇಲೆ ಅಡಚಣೆ ಸಮನಾಗಿ ಬೀಳದು, ಕಳೆದುಹೋಗದು. ಟೆಸ್ಟರು ತಂತಿ ಮುಟ್ಟಿದೆಯೇ ಎಂದು ಕೇಳುತ್ತದೆ, ಮಾತು ತಲುಪುತ್ತದೆಯೇ ಎಂದು ಕೇಳುವುದಿಲ್ಲ. ಅದನ್ನು ಅಳೆಯುವ ಯಂತ್ರಗಳಿಗೆ ಲಕ್ಷಗಟ್ಟಲೆ ಬೆಲೆಯಿರುವುದರಿಂದ ಮನೆಯವರು ಮಾಡಬಹುದಾದದ್ದು ಎರಡು: ಸಂಪರ್ಕದ ವೇಗ ಸೆಕೆಂಡಿಗೆ 1000 ಮೆಗಾಬಿಟ್ ಎಂದು ತೋರಿಸುತ್ತಿದೆಯೋ 100ಕ್ಕೆ ಇಳಿದಿದೆಯೋ ನೋಡುವುದು, ಏಕೆಂದರೆ 100ರ ಪದ್ಧತಿ 1, 2, 3, 6 ಈ ನಾಲ್ಕೇ ತಂತಿಗಳಲ್ಲಿ ಕೆಲಸ ಸಾಗಿಸುತ್ತದೆ, ಮತ್ತು ಒಂದು ದೊಡ್ಡ ಫೈಲನ್ನು ಆಚೆ ಕಂಪ್ಯೂಟರಿಗೆ ಕಳಿಸಿ ಸೆಕೆಂಡಿಗೆ 110 ಮೆಗಾಬೈಟಿನ ಆಸುಪಾಸಿನಲ್ಲಿ ಹೋಗುತ್ತದೋ 11ರಲ್ಲಿ ತೆವಳುತ್ತದೋ ಗಮನಿಸುವುದು.

ದೀಪ ಹತ್ತಿಯೂ ಮಾತು ತಲುಪದ ಸ್ಥಿತಿ ಕೇಬಲ್ಲಿಗೆ ಮಾತ್ರ ಸೀಮಿತವಲ್ಲ. ಪಿಎಚ್‌.ಡಿ. ಪ್ರಬಂಧಕ್ಕೂ ದೀಪಗಳಿವೆ: ಅಧ್ಯಾಯಗಳು ಇಷ್ಟು, ಪ್ರಕಟಿತ ಲೇಖನಗಳು ಇಷ್ಟು, ಅಡಿಟಿಪ್ಪಣಿ ಉಂಟು, ಯುಜಿಸಿಯ 2018ರ ನಿಯಮದಂತೆ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10ರೊಳಗಿದೆ, ಮೌಖಿಕ ಪರೀಕ್ಷೆ ಚಹಾ ಸಮೇತ ಸಾಂಗವಾಗಿ ಮುಗಿದಿದೆ. ಎಂಟೂ ಹತ್ತಿದವು, ಪದವಿ ಬಂತು. ಮುನ್ನೂರು ಪುಟದಲ್ಲಿ ಯಾರಿಗೆ ಏನು ತಲುಪಿತೆಂದು ಕೇಳುವ ದೀಪ ಆ ಸಾಲಿನಲ್ಲಿಲ್ಲ. ಜನಪದ ಹಾಡುಗಾರ್ತಿಯೊಬ್ಬಳ ಹಾಡನ್ನು ಮೂರು ಅಧ್ಯಾಯ ‘ಪಠ್ಯೀಕರಿಸಿ’, ಆಕೆಗೆ ತಿಂಗಳ ಪಿಂಚಣಿ ಬರುತ್ತಿದೆಯೇ ಎಂದು ಒಂದು ಸಾಲಿನಲ್ಲೂ ವಿಚಾರಿಸದ ಬರಹವನ್ನು ಹೋಲಿಕೆ ಹುಡುಕುವ ಯಾವ ತಂತ್ರಾಂಶವೂ ಹಿಡಿಯಲಾರದು. ಬರೆಯುವ ಹುಡುಗರೂ ಇದಕ್ಕೆ ಪೂರ್ತಿ ಹೊಣೆಯಲ್ಲ. ನೇರವಾಗಿ ಬರೆದು ತಂದವರನ್ನು ‘ಇದರಲ್ಲಿ ಸೈದ್ಧಾಂತಿಕ ಚೌಕಟ್ಟು ಎಲ್ಲಿ?’ ಎಂದು ಕೇಳಿ ಹಿಂದಕ್ಕಟ್ಟಿದವರು ಬೇರೆಯೇ ಇದ್ದಾರೆ.

8. ಉಪಸಂಹಾರ ಮತ್ತು ಶಿಫಾರಸುಗಳು

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದೇನೆಂದರೆ, ಬೂಟನ್ನು ಮೊದಲೇ ತೂರಿಸಬೇಕು, ಮಾರ್ಗ ಯಾವುದಾದರೂ ಎರಡೂ ತುದಿಗೆ ಒಂದೇ ಇರಬೇಕು, ಹೊಸೆತವನ್ನು ಕಡಿಮೆ ಬಿಚ್ಚಬೇಕು, ತಂತಿಯನ್ನು ಕೆರೆದು ನೋಡಿ ಕೊಳ್ಳಬೇಕು, ದೀಪವನ್ನು ನಂಬಿ ಕೂರಬಾರದು. ಇಷ್ಟಾದ ಮೇಲೂ ಕೇಬಲ್ ಕೆಲಸ ಮಾಡದಿದ್ದರೆ ಕೆಟ್ಟ ತುದಿಯನ್ನು ಕತ್ತರಿಸಿ ಬಿಸಾಡಿ ಹೊಸ ಕನೆಕ್ಟರ್ ಒತ್ತಬೇಕು. ಇದರಲ್ಲಿ ಹೋಗುವುದು ಒಂದೆರಡು ಇಂಚು ಕೇಬಲ್ ಮಾತ್ರ. ಹಾಗೆ ಕತ್ತರಿಸಬೇಕಾದೀತೆಂದೇ ಬಲ್ಲವರು ಎಳೆಯುವಾಗ ಎರಡೂ ಕಡೆ ಒಂದೊಂದು ಅಡಿ ಹೆಚ್ಚಿಗೆ ಬಿಟ್ಟಿರುತ್ತಾರೆ. ನಮ್ಮ ಪ್ರಬಂಧಗಳಲ್ಲಿಯೂ ಹೆಚ್ಚಿಗೆ ಬಿಟ್ಟ ಉದ್ದಕ್ಕೆ ಕೊರತೆಯೇನಿಲ್ಲ. ಕತ್ತರಿ ಹಿಡಿಯುವ ಹುದ್ದೆಯೊಂದೇ ಖಾಲಿಯಿದ್ದು, ಅದನ್ನು ಆದಷ್ಟು ಬೇಗ ಭರ್ತಿ ಮಾಡಬೇಕೆಂದು ಈ ಅಧ್ಯಯನವು ಶಿಫಾರಸು ಮಾಡುತ್ತದೆ.